ಗಡಿಯಾಚೆಯ ಗೊಬ್ಬರ ನಮ್ಮ ಬೋರ್‌ವೆಲ್‌ಗೆ ಬರುತ್ತದೆಯೇ? ನೀರು ಕುದಿಸಿದರೆ ಹೋಗುತ್ತದೆಯೇ?

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಕುಡಿಯುವ ನೀರಿನ ಬಗ್ಗೆ ಸುತ್ತುವ ಸಂದೇಶಗಳಲ್ಲಿ ಸಾಮಾನ್ಯವಾಗಿ ಮೂರು ಮಾತುಗಳಿರುತ್ತವೆ. ಒಂದು, ಗಡಿಯಾಚೆಯವರು ಸುರಿಯುವ ರಸಗೊಬ್ಬರ ನಮ್ಮ ಬೋರ್‌ವೆಲ್‌ಗೆ ಇಳಿಯುತ್ತಿದೆ. ಎರಡು, ನಮ್ಮ ಮಕ್ಕಳ ಹಲ್ಲು ಕಂದಾಗುವುದು, ದೊಡ್ಡವರ ಮೊಣಕಾಲು ನೋವು, ಎಲ್ಲವೂ ಆ ಗೊಬ್ಬರದ್ದೇ ಕೆಲಸ. ಮೂರು, ನೀರನ್ನು ಚೆನ್ನಾಗಿ ಕುದಿಸಿದರೆ ಗೊಬ್ಬರದ ವಿಷ ಆವಿಯಾಗಿ ಹೋಗುತ್ತದೆ, ತಪ್ಪದೆ ಎಲ್ಲರಿಗೂ ಕಳಿಸಿ.

ಮೊದಲನೆಯ ಮಾತು ಸ್ವಲ್ಪ ನಿಜ, ಬಹಳಷ್ಟು ತಪ್ಪು. ಎರಡನೆಯದು ತಪ್ಪು. ಮೂರನೆಯದು ತಪ್ಪಷ್ಟೇ ಅಲ್ಲ, ಮನೆಯಲ್ಲಿ ಹಸುಗೂಸಿದ್ದರೆ ಅಪಾಯ. ಅದಕ್ಕೇ ಕೊನೆಯದರಿಂದಲೇ ಶುರು ಮಾಡುತ್ತೇವೆ.

ಕುದಿಸಿದರೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ

ಯೂರಿಯಾ, ಡಿಎಪಿ, ಕಾಂಪ್ಲೆಕ್ಸ್ ಯಾವುದನ್ನೇ ಹಾಕಲಿ, ಅದರಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೊನೆಗೆ ನೈಟ್ರೇಟ್ ಆಗಿ ಬದಲಿಸುತ್ತವೆ. ಬೆಳೆ ಬೇರಿನಿಂದ ಹೀರುವುದು ಹೆಚ್ಚಾಗಿ ಇದನ್ನೇ. ಬೆಳೆ ಹೀರದೆ ಬಿಟ್ಟದ್ದು ನೀರಿನೊಂದಿಗೆ ಕೆಳಗಿಳಿಯುತ್ತದೆ. ನೈಟ್ರೇಟ್ ಒಂದು ಲವಣ. ನೀರಿನಲ್ಲಿ ಪೂರ್ತಿ ಕರಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಉಪ್ಪು ಹಾಕಿದ ನೀರನ್ನು ಕುದಿಸಿದರೆ ಉಪ್ಪು ಹೋಗುತ್ತದೆಯೇ? ನೀರು ಹೋಗಿ ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ನೈಟ್ರೇಟ್ ಕೂಡ ಹಾಗೇ. ಲೀಟರಿಗೆ 60 ಮಿಲಿಗ್ರಾಂ ನೈಟ್ರೇಟ್ ಇರುವ ನಾಲ್ಕು ಲೋಟ ನೀರು ಕುದ್ದು ಮೂರು ಲೋಟವಾದರೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ 80 ಮಿಲಿಗ್ರಾಂ.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ನಿಗದಿ ಮಾಡಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ಕೆಲವು ಅಂಶಗಳಿಗೆ 'ಬೇರೆ ನೀರು ಸಿಗದಿದ್ದರೆ ಇಷ್ಟರವರೆಗೆ ಪರವಾಗಿಲ್ಲ' ಎಂಬ ಎರಡನೇ ಮಿತಿ ಇದೆ. ನೈಟ್ರೇಟ್‌ಗೆ ಆ ರಿಯಾಯಿತಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 50.

ಹಾಗೆಂದು ನೀರು ಕುದಿಸುವುದನ್ನೇ ಬಿಡಬೇಡಿ. ಕುದಿಸುವುದು ರೋಗಾಣುಗಳಿಗೆ ಮದ್ದು. ವಾಂತಿಭೇದಿ, ಟೈಫಾಯ್ಡ್ ತಡೆಯಲು ಅದು ಬೇಕೇ ಬೇಕು. ಗೊಬ್ಬರಕ್ಕೆ ಮಾತ್ರ ಅದು ಮದ್ದಲ್ಲ. ಬಟ್ಟೆಯಲ್ಲಿ ಸೋಸುವುದು, ಪಟಿಕ ತಿರುಗಿಸುವುದು, ಕ್ಲೋರಿನ್ ಹಾಕುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಯಂತ್ರ, ತಾಮ್ರದ ಚೊಂಬು, ತುಳಸಿ ಎಲೆ, ಇವ್ಯಾವುವೂ ನೈಟ್ರೇಟ್ ತೆಗೆಯುವುದಿಲ್ಲ.

ಹಸುಗೂಸಿಗೆ ಏಕೆ ಅಪಾಯ

ದೊಡ್ಡವರ ಹೊಟ್ಟೆಗೆ ಸ್ವಲ್ಪ ಹೆಚ್ಚು ನೈಟ್ರೇಟ್ ಹೋದರೆ ಅದರ ಬಹುಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ಆರು ತಿಂಗಳೊಳಗಿನ ಮಗುವಿನ ಕಥೆ ಬೇರೆ. ಎಳೆಯ ಹೊಟ್ಟೆಯಲ್ಲಿ ಆಮ್ಲ ಕಡಿಮೆ ಇರುವುದರಿಂದ ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ರಕ್ತ ಸೇರಿದರೆ ಹಿಮೋಗ್ಲೋಬಿನ್‌ನ ರೂಪವನ್ನೇ ಕೆಡಿಸುತ್ತದೆ. ಹಾಗೆ ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ಮಗು ಉಸಿರಾಡುತ್ತಲೇ ಇರುತ್ತದೆ, ಆದರೆ ಮೈಗೆ ಆಮ್ಲಜನಕ ಸಾಲುವುದಿಲ್ಲ. ತುಟಿ, ಉಗುರು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತವೆ. ವೈದ್ಯರು ಇದನ್ನು ಮೆಥೆಮೊಗ್ಲೋಬಿನೀಮಿಯಾ ಎನ್ನುತ್ತಾರೆ. ರೂಢಿಯ ಹೆಸರು 'ಬ್ಲೂ ಬೇಬಿ'.

ಇದನ್ನು ಬಾವಿ ನೀರಿಗೆ ಮೊದಲು ಗಂಟು ಹಾಕಿದವರು ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ, 1945ರಲ್ಲಿ. ಅವರು ನೋಡಿದ್ದು ಹೊಲದ ಮನೆಗಳ ಕೂಸುಗಳು. ತಾಯಿಹಾಲಿನ ಬದಲು ಬಾಟಲಿ ಹಾಲು. ಆ ಹಾಲು ಬೆರೆಸಲು ಬಾವಿಯ ನೀರು. ಆರೋಗ್ಯಕ್ಕೆ ಒಳ್ಳೆಯದೆಂದು ಹಾಲಿನ ನೀರನ್ನು ಕುದಿಸುವ ಮನೆಗಳಲ್ಲಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಈಗ ನೀರಿಗಿರುವ ಮಿತಿ ಹುಟ್ಟಿದ್ದು ಇಂಥ ಪ್ರಕರಣಗಳನ್ನು ನೋಡಿಯೇ.

ನೈಟ್ರೇಟ್ ಹೆಚ್ಚಿರುವ ನೀರು ಕುಡಿದ ಪ್ರತಿ ಮಗುವಿಗೂ ಹೀಗಾಗುತ್ತದೆ ಎಂದೇನಿಲ್ಲ. ಜೊತೆಗೆ ಭೇದಿಯೂ ಇದ್ದಾಗ ಅಪಾಯ ಹೆಚ್ಚು. ಸಮಾಧಾನದ ಮಾತೂ ಇದೆ: ತಾಯಿ ಬೋರ್‌ವೆಲ್ ನೀರು ಕುಡಿದರೂ ಅವಳ ಎದೆಹಾಲಿನಲ್ಲಿ ನೈಟ್ರೇಟ್ ಅಷ್ಟಾಗಿ ಏರುವುದಿಲ್ಲ. ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುವ ಮಾತು ಇಂಥ ಊರುಗಳಲ್ಲಿ ಇಮ್ಮಡಿ ಸರಿ. ಆಗಾಗ ಕೂಸಿಗೆ ಕೊಡುವ ಒಂದೊಂದು ಚಮಚ ಕಾಯಿಸಿದ ನೀರನ್ನೂ ಬಿಡಬಹುದು. ಪುಡಿಹಾಲು ಕೊಡಲೇಬೇಕಾದ ಪರಿಸ್ಥಿತಿ ಇದ್ದರೆ ಅದನ್ನು ಬೆರೆಸುವ ನೀರು ಎಲ್ಲಿಯದು ಎಂಬುದೇ ಮುಖ್ಯ ಪ್ರಶ್ನೆ. ಕೂಸಿನ ತುಟಿ, ಉಗುರು ನೀಲಿಯಾದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ, ಯಾವ ನೀರು ಕುಡಿಸುತ್ತಿದ್ದಿರಿ ಎಂಬುದನ್ನು ವೈದ್ಯರಿಗೆ ಹೇಳಿ. ಕಾರಣ ಗೊತ್ತಾದರೆ ಇದಕ್ಕೆ ಚಿಕಿತ್ಸೆ ಇದೆ.

ಇಷ್ಟೊಂದು ನೈಟ್ರೇಟ್ ನಮ್ಮಲ್ಲಿ ನಿಜಕ್ಕೂ ಇದೆಯೇ?

ಇದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ಗುಣಮಟ್ಟ ವರದಿಯ ಪ್ರಕಾರ ದೇಶದಾದ್ಯಂತ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು 20% ಮಾದರಿಗಳಲ್ಲಿ ನೈಟ್ರೇಟ್ 45ರ ಮಿತಿ ಮೀರಿತ್ತು. ಕರ್ನಾಟಕದಲ್ಲಿ ಆ ಪ್ರಮಾಣ ಸುಮಾರು 49%. ನಮಗಿಂತ ಕೂದಲೆಳೆಯಷ್ಟು ಮುಂದಿರುವುದು ರಾಜಸ್ಥಾನ ಮಾತ್ರ. ಪರೀಕ್ಷಿಸಿದ ಎರಡು ಬಾವಿಗಳಲ್ಲಿ ಒಂದು ಎಂದರೂ ತಪ್ಪಿಲ್ಲ.

ಲೆಕ್ಕವೊಂದನ್ನು ನಾವೇ ಮಾಡಿ ನೋಡೋಣ. ಯೂರಿಯಾ ಚೀಲ ಈಗ 45 ಕೆಜಿ, ಅದರಲ್ಲಿ 46% ಸಾರಜನಕ, ಅಂದರೆ ಸುಮಾರು 20.7 ಕೆಜಿ. ಅಷ್ಟೂ ನೈಟ್ರೇಟ್ ಆದರೆ ಸುಮಾರು 92 ಕೆಜಿ. ಬೆಳೆ, ಗಾಳಿ, ಮಣ್ಣು ಎಲ್ಲ ತಮ್ಮ ಪಾಲು ತೆಗೆದುಕೊಂಡು ಹತ್ತರಲ್ಲಿ ಒಂದು ಪಾಲು ಮಾತ್ರ ಕೆಳಗಿಳಿಯಿತು ಎಂದುಕೊಳ್ಳಿ. ಆ ಒಂಬತ್ತು ಕೆಜಿ, ಶುದ್ಧವಾಗಿದ್ದ 2 ಲಕ್ಷ ಲೀಟರ್ ನೀರನ್ನು 45ರ ಮಿತಿಗೆ ತಂದು ನಿಲ್ಲಿಸಲು ಸಾಕು. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್‌ನಲ್ಲಿ 40 ಟ್ಯಾಂಕರ್. ಇದು ಒಂದು ಚೀಲದ ಲೆಕ್ಕ.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿವೆ. ನೈಟ್ರೇಟನ್ನು ತೆಳುವಾಗಿಸಲು ಮೇಲಿಂದ ಬರುವ ಹೊಸ ನೀರೇ ಕಡಿಮೆ. ಕೆಂಪು ಮರಳುಮಣ್ಣಿನ ಹೊಲಗಳಲ್ಲಿ ನೀರು ಬೇಗ ಇಳಿಯುತ್ತದೆ. ಮೇಲುಗೊಬ್ಬರ ಚೆಲ್ಲಿದ ಮರುದಿನವೇ ಜೋರು ಮಳೆ ಬಂದರೆ, ಅಥವಾ ಈರುಳ್ಳಿಗೆ ಯೂರಿಯಾ ಕೊಟ್ಟು ಮಡಿ ತುಂಬ ನೀರು ಹಾಯಿಸಿದರೆ, ಬೇರು ಹೀರುವ ಮೊದಲೇ ಅದು ಬೇರಿನ ಕೆಳಗೆ ಹೋಗಿರುತ್ತದೆ. ಅದೇ ನೀರನ್ನು ಬೋರ್‌ವೆಲ್‌ನಿಂದ ಮತ್ತೆ ಎತ್ತಿ ಮತ್ತೆ ಹೊಲಕ್ಕೆ ಬಿಡುತ್ತೇವೆ, ಜೊತೆಗೆ ಇನ್ನೊಂದು ಸುತ್ತು ಗೊಬ್ಬರ.

ಆದರೆ ಎಲ್ಲ ತಪ್ಪನ್ನೂ ಗೊಬ್ಬರದ ಚೀಲದ ಮೇಲೆ ಹೊರಿಸುವುದು ಅನ್ಯಾಯ. ನೈಟ್ರೇಟ್ ತಿಪ್ಪೆಯಿಂದಲೂ ಬರುತ್ತದೆ, ಕುರಿ ರೊಪ್ಪದಿಂದಲೂ, ಶೌಚಾಲಯದ ಗುಂಡಿಯಿಂದಲೂ ಬರುತ್ತದೆ. ಕುಡಿಯುವ ನೀರಿನ ಕೈಪಂಪು ಅಥವಾ ಬೋರ್‌ವೆಲ್ ಊರೊಳಗೇ ಇದ್ದು, ಅದರ ಪಕ್ಕದಲ್ಲೇ ತಿಪ್ಪೆ, ಹಿಂದೆಯೇ ಶೌಚಗುಂಡಿ ಇದ್ದರೆ ಅಲ್ಲಿನ ನೈಟ್ರೇಟ್‌ಗೆ ಹೊಲದ ಯೂರಿಯಾ ಕಾರಣವಲ್ಲದಿರಬಹುದು. 'ಸಾವಯವ ಗೊಬ್ಬರ ಹಾಕಿದರೆ ನೈಟ್ರೇಟ್ ಸಮಸ್ಯೆಯೇ ಇಲ್ಲ' ಎಂಬ ಫಾರ್ವರ್ಡ್ ಕೂಡ ಇದೇ ಕಾರಣಕ್ಕೆ ಪೂರ್ತಿ ಸರಿಯಲ್ಲ. ಕೊಟ್ಟಿಗೆ ಗೊಬ್ಬರದ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ, ಅದು ಒಳ್ಳೆಯದೇ. ಅತಿಯಾದರೆ ಅದೂ ಕೆಳಗಿಳಿಯುತ್ತದೆ.

ಹಾಗಾದರೆ ಗಡಿಯಾಚೆಯವರದ್ದು?

ಇಲ್ಲಿ ನದಿಯ ನೀರನ್ನೂ ನೆಲದೊಳಗಿನ ನೀರನ್ನೂ ಬೇರೆ ಮಾಡಿ ನೋಡಬೇಕು.

ನೆಲದೊಳಗೆ ಇರುವುದು ಗಟ್ಟಿ ಬಂಡೆ, ಅದರ ಬಿರುಕುಗಳಲ್ಲಿ ನಿಂತ ನೀರು. ಆ ನೀರು ಹತ್ತಾರು ಮೈಲಿ ಓಡಿ ಬರುವುದಿಲ್ಲ. ಹೆಚ್ಚಾಗಿ ಆಯಾ ಹಳ್ಳದ ಜಲಾನಯನದೊಳಗೇ ನಿಧಾನವಾಗಿ ಸರಿಯುತ್ತದೆ. ಹಾಗಾಗಿ ನಿಮ್ಮ ಬೋರ್‌ವೆಲ್‌ನ ನೈಟ್ರೇಟ್ ಬಹುಪಾಲು ನಿಮ್ಮದೇ ಊರಿನ ಹೊಲ, ತಿಪ್ಪೆ, ಗುಂಡಿಗಳದ್ದು. ಗಡಿಕಲ್ಲಿನ ಪಕ್ಕದಲ್ಲೇ ಹೊಲವಿದ್ದು, ಬದುವಿನ ಆಚೆಯದು ಆಂಧ್ರದ ಹೊಲವಾಗಿದ್ದರೆ ಮಾತು ಬೇರೆ. ಆಗಲೂ ಅದು ಪಕ್ಕದ ಹೊಲದ ಲೆಕ್ಕವೇ ಹೊರತು ಪಕ್ಕದ ರಾಜ್ಯದ್ದಲ್ಲ. ರಾಯದುರ್ಗದ ಅಂಗಡಿಯಲ್ಲೂ ಮೊಳಕಾಲ್ಮೂರಿನ ಅಂಗಡಿಯಲ್ಲೂ ಸಿಗುವುದು ಅದೇ ಬೇವುಲೇಪಿತ ಯೂರಿಯಾ, ಅದೇ ಸಬ್ಸಿಡಿ ದರ.

ನದಿ ಮಾತ್ರ ಗಡಿ ದಾಟುತ್ತದೆ, ಅದೂ ಎರಡು ಸಲ. ವೇದಾವತಿ ಬಾಬಾಬುಡನ್‌ಗಿರಿ ಕಡೆಯಿಂದ ಇಳಿದು, ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿಸಿ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಬಯಲನ್ನು ಹಾದು ಆಂಧ್ರದ ಅನಂತಪುರ ಜಿಲ್ಲೆಯ ಭೈರವಾನಿತಿಪ್ಪ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಹಗರಿಯಾಗಿ ಮತ್ತೆ ಕರ್ನಾಟಕದ ಬಳ್ಳಾರಿ ಜಿಲ್ಲೆಗೆ ಬಂದು ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಮುಂದೆ ಕೃಷ್ಣೆಗೆ. ಅಂದರೆ ಈ ನದಿಯ ದಂಡೆಯಲ್ಲಿ ಆಂಧ್ರದವರು ನಮಗೆ ಕೆಳಗಿನವರು, ಬಳ್ಳಾರಿಯವರು ಆಂಧ್ರಕ್ಕೆ ಕೆಳಗಿನವರು. ಚಳ್ಳಕೆರೆಯಲ್ಲಿ ಕೂತು 'ಗಡಿಯಾಚೆಯ ಗೊಬ್ಬರ ಹರಿದು ಬರುತ್ತಿದೆ' ಎನ್ನುವವರು ನದಿ ಯಾವ ಕಡೆ ಹರಿಯುತ್ತದೆ ಎಂದು ಒಮ್ಮೆ ನೋಡಿಕೊಂಡರೆ ಸಾಕು.

ಅದೂ ಈ ನದಿ ದಿನಾ ಹರಿಯುವುದಿಲ್ಲ. 1933ರ ನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಒಣ ವರ್ಷಗಳಲ್ಲಿ ಗೊಬ್ಬರ ಹೊಲದಲ್ಲೇ, ಹಳ್ಳದ ಹೂಳಿನಲ್ಲೇ ಕೂಡಿಬೀಳುತ್ತದೆ. ನೆರೆ ಬಂದ ವರ್ಷ ಮೇಲ್ಮಣ್ಣಿನ ಸಮೇತ ಕೊಚ್ಚಿಹೋಗುತ್ತದೆ. ಆ ಮಣ್ಣಿಗೆ ಅಂಟಿಕೊಂಡಿರುವುದು ಡಿಎಪಿಯ ರಂಜಕ. ನಿಂತ ನೀರಿಗೆ ರಂಜಕ ಸೇರಿದರೆ ಪಾಚಿಗೆ ಹಬ್ಬ.

ಈ ಪಾಚಿಯ ಮಾತು ನಮ್ಮ ಎರಡು ತಾಲ್ಲೂಕುಗಳಿಗೆ ದೂರದ್ದಲ್ಲ. ತುಂಗಭದ್ರಾ ಹಿನ್ನೀರಿನಿಂದ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿ ಕಡೆಗೆ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆ ಇದೆ. ಫ್ಲೋರೈಡ್ ನೀರು ಕುಡಿದು ಬೇಸತ್ತ ಊರುಗಳಿಗೆ ಇದು ದೊಡ್ಡ ಆಸರೆ. ಆದರೆ ಅದೇ ಜಲಾಶಯದ ನೀರು ಇತ್ತೀಚಿನ ವರ್ಷಗಳಲ್ಲಿ ಹಲವು ಬಾರಿ ಹಸಿರಾಗಿ ಸುದ್ದಿಯಾಗಿದೆ. ಮೇಲಿನ ಜಿಲ್ಲೆಗಳ ಹೊಲದ ಗೊಬ್ಬರ, ಊರುಗಳ ಚರಂಡಿ ನೀರು ಎರಡೂ ಅಲ್ಲಿಗೇ ಸೇರುತ್ತವೆ. ಅಲ್ಲಿ ನಾವು ಕೆಳಗಿನವರು. ನೀಲಿಹಸಿರು ಪಾಚಿಯ ಕೆಲವು ಜಾತಿಗಳು ಬಿಡುವ ವಿಷವೂ ಕುದಿಸಿದರೆ ಹೋಗುವಂಥದ್ದಲ್ಲ. ಶುದ್ಧೀಕರಣ ಘಟಕದಲ್ಲೇ ಅದನ್ನು ತೆಗೆಯಬೇಕು.

ಕೆಳಗಿನವರು ಮೇಲಿನವರನ್ನು ಕೋರ್ಟಿಗೆ ಎಳೆದದ್ದೂ ಉಂಟು. ಬ್ಲೂ ಬೇಬಿ ಪತ್ತೆಯಾದ ಅದೇ ಅಯೋವಾದಲ್ಲಿ, ಡೆಮಾಯಿನ್ ನಗರದ ನೀರು ಸರಬರಾಜು ಸಂಸ್ಥೆ ನದಿಯ ಮೇಲ್ಭಾಗದ ಮೂರು ಕೌಂಟಿಗಳ ಹೊಲಗಾಲುವೆ ಮಂಡಳಿಗಳ ಮೇಲೆ 2015ರಲ್ಲಿ ದಾವೆ ಹೂಡಿತು. ನಿಮ್ಮ ಹೊಲಗಳ ನೈಟ್ರೇಟ್ ತೆಗೆಯಲು ನಮ್ಮ ಜನ ದುಡ್ಡು ಕಟ್ಟುತ್ತಿದ್ದಾರೆ ಎಂಬುದು ದೂರು. 2017ರಲ್ಲಿ ದಾವೆ ವಜಾ ಆಯಿತು. ನಮ್ಮಲ್ಲಿ 1892ರಲ್ಲೇ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ನದಿಗಳ ಬಗ್ಗೆ ಒಪ್ಪಂದ ಮಾಡಿಕೊಂಡವು, ಹಗರಿಯೂ ಅದರಲ್ಲಿತ್ತು. ಅಂದಿನಿಂದ ಇಂದಿನವರೆಗೆ ಜಗಳವೆಲ್ಲ ಎಷ್ಟು ನೀರು ಎಂಬುದರ ಮೇಲೆ. ಆ ನೀರಿನಲ್ಲಿ ಏನಿದೆ ಎಂಬ ಪ್ರಶ್ನೆಗೆ ಅಷ್ಟು ಬಿಸಿ ಎಂದೂ ಬಂದಿಲ್ಲ ಎಂಬುದು ನಮ್ಮ ಅನಿಸಿಕೆ.

ಹಲ್ಲಿನ ಕಂದು, ಮೊಣಕಾಲು ನೋವು

ಇದು ಬೇರೆಯೇ ಕಥೆ, ಹೆಸರು ಫ್ಲೋರೈಡ್. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟಿ, ವರ್ಷಗಟ್ಟಲೆ ಕುಡಿದವರ ಬೆನ್ನು, ಮಂಡಿ ಸೆಟೆದುಕೊಳ್ಳುವುದು ಫ್ಲೋರೋಸಿಸ್ ಲಕ್ಷಣಗಳು. ಈ ಭಾಗದಲ್ಲಿ ಫ್ಲೋರೈಡ್ ಬರುವುದು ಮುಖ್ಯವಾಗಿ ನೆಲದೊಳಗಿನ ಬಂಡೆಯಿಂದ, ಗೊಬ್ಬರದಿಂದಲ್ಲ. ಯಾರೂ ಒಂದು ಹಿಡಿ ಯೂರಿಯಾ ಹಾಕದಿದ್ದರೂ ಅದು ಇರುತ್ತಿತ್ತು. ಬೋರ್‌ವೆಲ್ ಆಳಕ್ಕೆ ಹೋದಂತೆ, ನೀರು ಬಂಡೆಯೊಂದಿಗೆ ಹೆಚ್ಚು ಕಾಲ ಕಳೆದಂತೆ ಅದು ಏರುವ ಸಾಧ್ಯತೆ ಹೆಚ್ಚು. ನೈಟ್ರೇಟ್ ಸಾಮಾನ್ಯವಾಗಿ ಮೇಲಿಂದ ಇಳಿಯುವಂಥದ್ದು, ಫ್ಲೋರೈಡ್ ಒಳಗಿಂದ ಬರುವಂಥದ್ದು. ಒಂದೇ ಲೋಟದಲ್ಲಿ ಎರಡೂ ಇರಬಹುದು, ಆದ್ದರಿಂದ ಎರಡನ್ನೂ ಪರೀಕ್ಷಿಸಬೇಕು.

ಇನ್ನು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು, ದೇಹದೊಳಗೆ ನೈಟ್ರೋಸೋ ಸಂಯುಕ್ತಗಳು ಉಂಟಾಗುವ ಸ್ಥಿತಿಯಲ್ಲಿ ಸೇವಿಸಿದ ನೈಟ್ರೇಟ್ 'ಬಹುಶಃ ಕ್ಯಾನ್ಸರ್‌ಕಾರಕ' ಎಂದು 2010ರಲ್ಲಿ ವರ್ಗೀಕರಿಸಿದೆ. ಡೆನ್ಮಾರ್ಕಿನಲ್ಲಿ 27 ಲಕ್ಷ ಜನರ ದಾಖಲೆ ನೋಡಿದ 2018ರ ಅಧ್ಯಯನ, ಈಗಿನ ಮಿತಿಗಿಂತ ಬಹಳ ಕಡಿಮೆ ಮಟ್ಟದಲ್ಲೂ ದೊಡ್ಡ ಕರುಳಿನ ಕ್ಯಾನ್ಸರ್ ಜೊತೆ ನೈಟ್ರೇಟ್‌ನ ನಂಟನ್ನು ಕಂಡಿತು. ನಂಟು ಕಂಡಿದೆ ಎಂದರೆ ಕಾರಣ ಸಾಬೀತಾಗಿದೆ ಎಂದಲ್ಲ. 'ಈ ಊರಿನ ಕ್ಯಾನ್ಸರ್ ಎಲ್ಲ ಗೊಬ್ಬರದ್ದು' ಎನ್ನುವ ಸಂದೇಶ ಬಂದರೆ ಮುಂದೆ ಕಳಿಸಬೇಡಿ.

ಚೀಲ ಬಿಚ್ಚುವ ಮುನ್ನ

ರೈತರನ್ನು ಬೈದು ಪ್ರಯೋಜನವಿಲ್ಲ. ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆಗೆ, ಡಿಎಪಿ 1,350 ರೂಪಾಯಿಗೆ ಸಿಗುವಾಗ ಕೈ ಯಾವುದರ ಕಡೆ ಹೋಗುತ್ತದೆ ಎಂದು ಹೇಳಬೇಕಿಲ್ಲ. ಆದರೆ ಶೇಂಗಾ ಹಾಕುವವರು ಈ ಲೆಕ್ಕ ನೋಡಿ. ಮಳೆಯಾಶ್ರಿತ ಶೇಂಗಾಕ್ಕೆ ಶಿಫಾರಸು ಹೆಕ್ಟೇರಿಗೆ ಸುಮಾರು 25 ಕೆಜಿ ಸಾರಜನಕ, 50 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್. ಎಕರೆಗೆ ಸಾರಜನಕ 10 ಕೆಜಿ, ರಂಜಕ 20 ಕೆಜಿ ಎಂದಾಯಿತು. ಬಿತ್ತುವಾಗ ಹಾಕುವ 50 ಕೆಜಿಯ ಒಂದು ಚೀಲ ಡಿಎಪಿಯಲ್ಲೇ 9 ಕೆಜಿ ಸಾರಜನಕ, 23 ಕೆಜಿ ರಂಜಕ ಇದೆ. ಶೇಂಗಾ ದ್ವಿದಳ ಬೆಳೆ. ಉಳಿದ ಸಾರಜನಕವನ್ನು ಬೇರಿನ ಗಂಟುಗಳ ಮೂಲಕ ಗಾಳಿಯಿಂದಲೇ ಪಡೆದುಕೊಳ್ಳುತ್ತದೆ. ಅದರ ಮೇಲೆ ಹಾಕುವ ಯೂರಿಯಾ ಕಾಯಿಗಿಂತ ಸೊಪ್ಪಿಗೇ ಹೆಚ್ಚು, ಮಿಕ್ಕದ್ದು ಬೋರ್‌ವೆಲ್‌ಗೆ. ಈರುಳ್ಳಿ, ದಾಳಿಂಬೆ, ಟೊಮೆಟೊಗೆ ಸಾರಜನಕ ಬೇಕು. ಅದನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ, ಹನಿ ನೀರಾವರಿ ಇದ್ದರೆ ಅದರ ಮೂಲಕ ಕೊಟ್ಟರೆ ನಷ್ಟ ಕಡಿಮೆ. ನಿಮ್ಮ ಹೊಲದ ಮಣ್ಣಿಗೆ ಎಷ್ಟು ಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಬಹುದು.

ನಿಮ್ಮ ನೀರಿನಲ್ಲಿ ಎಷ್ಟಿದೆ?

ನೋಡಿ ಹೇಳಲಾಗದು, ಪರೀಕ್ಷೆಯೇ ದಾರಿ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಕೆಲವು ಹೆಣ್ಣುಮಕ್ಕಳಿಗೆ ಅದರ ತರಬೇತಿ ಕೊಡುವ ವ್ಯವಸ್ಥೆ ಇದೆ. ಪಂಚಾಯಿತಿಯಲ್ಲಿ ಕೇಳಿ. ಕಿಟ್‌ನಲ್ಲಿ ಬಣ್ಣ ಗಾಢವಾಗಿ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿಸುವುದು ಒಳ್ಳೆಯದು. ಎರಡರ ಅಂಕಿ ಒಂದೇ ಇರುವುದಿಲ್ಲ.

ಅಂಕಿ 45 ದಾಟಿದ್ದರೆ ಕುಡಿಯಲು, ಅದರಲ್ಲೂ ಕೂಸಿನ ಹಾಲಿಗೆ, ಶುದ್ಧ ನೀರಿನ ಘಟಕದ ಆರ್‌ಒ ನೀರು ಬಳಸಿ. ಪೊರೆ ಚೆನ್ನಾಗಿದ್ದರೆ ಆರ್‌ಒ ನೈಟ್ರೇಟ್‌ನ ಬಹುಪಾಲನ್ನೂ ಫ್ಲೋರೈಡನ್ನೂ ತೆಗೆಯುತ್ತದೆ. ಪೊರೆ ಹಳೆಯದಾಗಿದ್ದರೆ ನಾಣ್ಯ ಹಾಕಿ ತುಂಬಿಸಿಕೊಂಡ ಕ್ಯಾನಿನಲ್ಲೂ ಬೋರ್‌ವೆಲ್ ನೀರೇ ಇರಬಹುದು. ಹಾಗಾಗಿ ಘಟಕದ ನೀರನ್ನೂ ಅದೇ ಕಿಟ್‌ನಲ್ಲಿ ನೋಡಿಸಿ. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ನೈಟ್ರೇಟ್ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ದನಕರುಗಳ ತೊಟ್ಟಿಗೆ ಬಿಡಬೇಡಿ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲೂ ನೈಟ್ರೇಟ್ ನೈಟ್ರೈಟ್ ಆಗುತ್ತದೆ.

ವರದಿ ಕೈಗೆ ಬಂದಾಗ ಒಂದು ಸಣ್ಣ ಗೊಂದಲ ಆಗಬಹುದು. ಕೆಲವು ಪ್ರಯೋಗಾಲಯಗಳು 'ನೈಟ್ರೇಟ್' ಎಂದು ಬರೆಯುತ್ತವೆ, ಕೆಲವು 'ನೈಟ್ರೇಟ್ ರೂಪದ ಸಾರಜನಕ' ಎಂದು. ಎರಡನೆಯ ಲೆಕ್ಕದಲ್ಲಿ ಮಿತಿ 45 ಅಲ್ಲ, ಸುಮಾರು 10. ಅಲ್ಲಿ 20 ಎಂದು ನೋಡಿ 'ಮಿತಿಯೊಳಗಿದೆ' ಎಂದುಕೊಂಡರೆ, ನಿಜಕ್ಕೆ ಅದು ಸುಮಾರು 89 ಮಿಲಿಗ್ರಾಂ ನೈಟ್ರೇಟ್ ಇರುವ ನೀರು.